ಗೆದ್ದಜ್ಜನ ಕಲ್ಲು

ನನಗೂ ನನ್ನ ತಮ್ಮನಿಗೂ ಒಂದೇ ಹುಚ್ಚು. ಅವನು ಸೇನೆಯಲ್ಲಿ ಗಡಿ ಕಾಯುವವನು, ನಾನು ಸೊರಬದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳುವವಳು. ಫೋನಿನಲ್ಲಿ ಊಟ ಆಯ್ತಾ, ಚಳಿ ಹೇಗಿದೆ ಅನ್ನುವುದು ಮುಗಿದದ್ದೇ ತಡ, ಯುದ್ಧದ ಪ್ರಶ್ನೆ ಶುರು. ಬೇಳೆ ಬೇಯುವಷ್ಟರಲ್ಲಿ ಮುಗಿದುಹೋದ ಯುದ್ಧ ಯಾವುದು? ಜಾಂಜಿಬಾರಿನದು. ಮಷಿನ್‌ಗನ್ ಹೊತ್ತು ಹೋದ ಸೈನ್ಯ ಯಾರಿಗೆ ಸೋತು ವಾಪಸು ಬಂತು? ಆಸ್ಟ್ರೇಲಿಯಾದಲ್ಲಿ, ಎಮು ಹಕ್ಕಿಗಳಿಗೆ! ಅವನಿರುವ ಜಾಗದ ವಿಷಯ ಅವನು ಹೇಳುವಂತಿಲ್ಲ, ನಾನು ಕೇಳುವಂತಿಲ್ಲ. ಹಕ್ಕಿಗೆ ಸೋತವರ ಕತೆ ಹೇಳಿಕೊಂಡು ನಕ್ಕು, ನನ್ನ ಹೆದರಿಕೆ ನಾನು ನುಂಗಿಕೊಳ್ಳುತ್ತಿದ್ದೆ.

ಈ ಸಲ ಗಡಿಯಲ್ಲಿ ಗದ್ದಲ ಶುರುವಾಗುವ ಮುಂಚೆ ಕೇಳಿದ: "ಅಕ್ಕ, ವೀರಗಲ್ಲಿನ ತುದಿಗೆ ಸೂರ್ಯ ಚಂದ್ರ ಯಾಕೆ ಕೆತ್ತಿರ್ತಾರೆ? ನಾಳೆ ಹೇಳ್ಬೇಕು."

ಮರುದಿನ ಅವನ ಫೋನಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ಅದರ ಮರುದಿನವೂ ಅದೇ.

ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಟಿ.ವಿ. ಹಚ್ಚಿದರೆ ಎದೆ ಡವಗುಟ್ಟುತ್ತದೆ, ಆರಿಸಿದರೆ ಇನ್ನೂ ಜೋರು. ಅಲ್ಲಿ ಕೂತು ಹೊಡೀರಿ ಬಡೀರಿ ಎಂದು ಅರಚುವವರಿಗೇನು, ಅವರ ಮಕ್ಕಳು ಮನೆಯಲ್ಲಿ ಬೆಚ್ಚಗಿದ್ದಾರಲ್ಲ! ಪಾಠ ಮಾಡುತ್ತಾ ಸುಲಭದ ಲೆಕ್ಕವೇ ತಪ್ಪಿತು. ತಮ್ಮನ ಪ್ರಶ್ನೆಗೆ ಉತ್ತರವನ್ನಾದರೂ ಹುಡುಕಿಡೋಣವೆಂದು ಶಾಲೆಯ ಲೈಬ್ರರಿಯಲ್ಲಿ ಒಂದು ಇತಿಹಾಸದ ಪುಸ್ತಕ ತೆಗೆದೆ. ಸೂರ್ಯ ಚಂದ್ರರಿರುವ ತನಕ ಸತ್ತವನ ಹೆಸರು ಉಳಿಯಲಿ ಎಂದು ಕೆತ್ತುತ್ತಿದ್ದರಂತೆ. ಸತ್ತವನ. ಪಕ್ಕದ ಚಿತ್ರ ನೋಡಿದೆ. ಥೇಟು ನಮ್ಮ ಗೆದ್ದಜ್ಜ!

ಬಳ್ಳಿಗಾವಿ ಹತ್ತಿರದ ನಮ್ಮ ತವರಿನ ಹೊಲದ ಬದುವಿನಲ್ಲಿ ಒಂದು ಕಲ್ಲಿದೆ. ಕೆಳಗೆ ದನಗಳ ಮುಂದೆ ಕತ್ತಿ ಹಿಡಿದು ಕಾದುವವನು, ನಡುವೆ ಅವನ ಎರಡೂ ತೋಳು ಹಿಡಿದ ಹೆಂಗಸರು, ಮೇಲೆ ಲಿಂಗದ ಮುಂದೆ ಅವನೇ ಕೂತಿದ್ದಾನೆ, ತುದಿಗೆ ಸೂರ್ಯ ಚಂದ್ರ. ಯುದ್ಧ ಗೆದ್ದ, ಹೆಂಗಸರು ಮೆರವಣಿಗೆಯಲ್ಲಿ ಕರೆತಂದರು, ದೇವರಿಗೆ ಕಾಯಿ ಒಡೆಸಿದ ಎಂದೇ ನಮ್ಮ ಮನೆಯವರೆಲ್ಲ ತಿಳಿದಿದ್ದರು. ಅದಕ್ಕೇ ಗೆದ್ದಜ್ಜ. ದೂರ ಹೊರಟವರು ಅವನಿಗೆ ಹಾಲೆರೆದು, ಕಲ್ಲಿನ ಅರಿಶಿನ ಹಣೆಗೆ ಇಟ್ಟುಕೊಂಡೇ ಹೊರಡಬೇಕು. ಈಗ ನೋಡಿದರೆ ಆ ಹೆಂಗಸರು ಅಪ್ಸರೆಯರು, ಕರೆದೊಯ್ದದ್ದು ಕೈಲಾಸಕ್ಕೆ! ನಮ್ಮ ಕಡೆಯ ಎಷ್ಟೋ ವೀರಗಲ್ಲುಗಳ ಕಾಳಗ ರಾಜ್ಯಕ್ಕಾಗಿ ನಡೆದದ್ದೇ ಅಲ್ಲ, ದನಕ್ಕಾಗಿ. ಕಳ್ಳರು ಹೊಡೆದುಕೊಂಡು ಹೋದ ದನ ಬಿಡಿಸಿ ಊರಿಗೆ ತಿರುಗಿಸಿ, ತಾನು ಅಲ್ಲೇ ಬಿದ್ದವನ ಕಲ್ಲದು. ತಮ್ಮನಿಗೆ ಇದು ಗೊತ್ತಿದ್ದಿರಬೇಕು, ಇಲ್ಲದಿದ್ದರೆ ಆ ಪ್ರಶ್ನೆ ಯಾಕೆ ಕೇಳುತ್ತಿದ್ದ? ಗೊತ್ತಿದ್ದೂ ಅವ್ವನ ಎದುರು ತಲೆಬಾಗಿಸಿ ಅರಿಶಿನ ಇಟ್ಟುಕೊಂಡು ಹೋಗಿದ್ದಾನೆ.

ರಜೆ ಹಾಕಿ ಶಿರಾಳಕೊಪ್ಪದ ಬಸ್ಸು ಹತ್ತಿದೆ. ಅವ್ವನಿಗೆ ಹೇಳಬೇಕೋ ಬೇಡವೋ? ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳುವುದೇ ಬೇಡ ಎಂದುಕೊಂಡು ಬಸ್ಸಿಳಿದೆ.

ಅವ್ವ ಮನೆಯಲ್ಲಿರಲಿಲ್ಲ, ಹೊಲದಲ್ಲಿದ್ದಳು. ಹಾಲಿನ ತಂಬಿಗೆ ಎತ್ತಿ ಕಲ್ಲಿಗೆ ಹೇಳುತ್ತಿದ್ದಳು: "ಅಜ್ಜಾ, ನಿನ್ನಂಗೇ ಆಗ್ಲಿ ನನ್ ಮಗಂದೂ..."

"ಬಿಡ್ತು ಅನ್ನವ್ವಾ! ಬಿಡ್ತು ಅನ್ನು!" ಕಿರುಚಿಕೊಂಡು ಓಡಿ ಅವಳ ಕೈ ಹಿಡಿದೆ. ತಂಬಿಗೆ ಉರುಳಿತು.

"ಏನಾತೇ ನಿಂಗೆ? ಚಪ್ಲಿ ಹಾಕ್ಕಂಡು ಅಜ್ಜನ ಹತ್ರ ಬರ್ತಾರಾ?"

"ಅವ್ನು ಗೆದ್ದು ಬಂದೋನಲ್ಲವ್ವ. ಸತ್ತೋನು. ಸತ್ತೋರಿಗೇ ಈ ಕಲ್ಲು ನಿಲ್ಲಿಸ್ತಿದ್ದಿದ್ದು."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ? ಅವ್ವ ಕುಸಿದು ಕೂತಳು. ಕಲ್ಲನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಆಮೇಲೆ ಸಣ್ಣಗೆ ಕೇಳಿದಳು:

"ಮತ್ತೆ ದನ ಏನಾದ್ವು?"

"ದನ ಮನಿಗೆ ಬಂದ್ವು."

"ಎಲ್ಲಾವೂ?"

"ಎಲ್ಲಾವೂ." ನನಗೇನು ಗೊತ್ತು? ಆದರೂ ಹೇಳಿದೆ.

ಅವ್ವ ತಂದಿದ್ದ ಅರಿಶಿನ ಕಲಸಿದಳು. ಕತ್ತಿ ಹಿಡಿದವನನ್ನು ಬಿಟ್ಟು, ಸವೆದುಹೋದ ಆ ದನಗಳಿಗೆ ಒಂದೊಂದಕ್ಕೂ ಬಳಿದಳು. "ಅಜ್ಜಾ, ಸಿಟ್ಟಾಗ್ಬ್ಯಾಡ. ನೀ ದೊಡ್ಡೋನೇ. ಆದ್ರೆ ನಿನ್ನಂಗೆ ಬ್ಯಾಡ. ನೀ ಬಿಡ್ಸಿ ಕಳ್ಸಿದ ದನ ಬಂದಂಗೆ ಬರ್ಲಿ ನನ್ ಮಗ." ನನಗೆ ಅಳು ತಡೆಯಲಾಗಲಿಲ್ಲ. ಬದುವಿನ ಮೇಲೇ ಕೂತು ಅತ್ತೆ.

ಕೊನೆಗೆ ತಮ್ಮನ ಫೋನು ಬರುವಷ್ಟರಲ್ಲಿ ಇಬ್ಬರೂ ಅರ್ಧ ಆಗಿದ್ದೆವು. ನಾನು ಅವನ ಪ್ರಶ್ನೆಗೆ ಉತ್ತರ ಹೇಳಲು ಬಾಯಿ ತೆರೆಯುವುದರೊಳಗೆ ಅವ್ವ ಫೋನು ಕಿತ್ತುಕೊಂಡಳು. ಊಟ ಕೇಳಲಿಲ್ಲ, ಚಳಿ ಕೇಳಲಿಲ್ಲ.

"ಸಾಕು ಮೇದಿದ್ದು, ಮನಿಗೆ ಬಾ."

"ಇದೇನವ್ವಾ, ನಾನೇನ್ ದನ ಅಂದ್ಕಂಡ್ಯಾ?" ಆ ಕಡೆ ತಮ್ಮ ನಗುತ್ತಿದ್ದ.

"ಹೂಂ ಕಣೋ, ದನನೇ ನೀನು," ಎಂದಳು ಅವ್ವ. "ದನನೇ ಆಗಿರು."