ಗುಂಡಿಲ್ಲದ ಬಂದೂಕು ಒದ್ದಾಗ

ಬಂದೂಕು ಹೊಡೆಯುವುದು ನನ್ನಿಂದಾಗದ ಕೆಲಸ ಎಂದು ತೀರ್ಪು ಕೊಟ್ಟವರು ನನ್ನ ಸೋದರತ್ತೆ. ಕೆಸರೆಯ ನಮ್ಮ ಮನೆಯ ಜಗಲಿಯಲ್ಲಿ ಊದುಬತ್ತಿ ಹೊಸೆಯುತ್ತ, ತಲೆ ಕೂಡ ಎತ್ತದೆ ಹೇಳಿದರು.

“ದಸರಾ ಆನೆಗೊಳ್ಗೇ ಪಿರಂಗಿ ಸದ್ದು ಅಭ್ಯಾಸ ಆಯ್ತದೆ. ನಿನ್ ಕೈಲಾಗಕಿಲ್ಲ ಬುಡವ್ವ. ಕುಕ್ಕರ್ ಕೂಗಿದ್ರೇ ಬೆಚ್ಚಿ ಬೀಳ್ತೀಯ.”

ಅದೇ ಜಗಲಿಯಲ್ಲಿ ಅತ್ತೆಯೂ ನಾನೂ ಊದುಬತ್ತಿ ಹೊಸೆದು ಸಂಪಾದಿಸಿದ್ದು ನನ್ನ ಬಿಎಸ್ಸಿ. ನಮ್ಮ ವಂಶಕ್ಕೇ ಮೊದಲ ಡಿಗ್ರಿ. ಅದರ ಜಂಬ ನನಗಿಲ್ಲ ಎಂದರೆ ಸುಳ್ಳಾಗುತ್ತದೆ. ಈಗ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಗುಂಡು ಮುಂದಕ್ಕೆ ಹಾರಿದರೆ ಬಂದೂಕು ಹಿಂದಕ್ಕೆ ಒದೆಯುತ್ತದೆ ಎಂದು ಹನ್ನೆರಡು ವರ್ಷದಿಂದ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಕಲಿಸುತ್ತಿದ್ದೇನೆ, ಒಂದು ದಿನವೂ ಬಂದೂಕು ಮುಟ್ಟದೆ. ಪೊಲೀಸರು ನಾಗರಿಕರಿಗೂ ತರಬೇತಿ ಕೊಡುತ್ತಾರೆಂದು ತಿಳಿದಾಗ ಆಸೆಯಾಯಿತು. ಬಲ, ಪ್ರತಿಬಲ ಎಲ್ಲವನ್ನೂ ಸೇರಿಸಿ ಅತ್ತೆಗೆ ವಿವರಿಸಿದೆ.

“ನೀನ್ ಓದಿದ್ದು ಬಾಯ್ಗಂಟ ಬಂದದೆ. ಕೈಗಿಳ್ದಿಲ್ಲ,” ಎಂದರು.

ಈ ಮಾತು ಚುಚ್ಚಿತು. ಸರ್ಟಿಫಿಕೇಟು ತಂದೇ ತೋರಿಸುತ್ತೇನೆಂದು ಮರುದಿನವೇ ಹೆಸರು ಕೊಟ್ಟುಬಂದೆ. ಕೊನೆಯ ದಿನ ಹತ್ತು ಗುಂಡಿನಲ್ಲಿ ಐದಾದರೂ ಗುರಿಯ ಹಲಗೆಗೆ ಬೀಳಬೇಕು, ಇಲ್ಲದಿದ್ದರೆ ಸರ್ಟಿಫಿಕೇಟು ಇಲ್ಲ ಎಂದರು ಅಲ್ಲಿ.

ಮೊದಲ ದಿನ ಟಾರ್ಪಾಲಿನ ಮೇಲೆ ಬೋರಲು ಮಲಗಿದೆ. ಒದೆತಕ್ಕೆ ಉಪಾಯವೆಂದು ಚೂಡಿದಾರದ ಭುಜದೊಳಗೆ ಟವೆಲ್ ಮಡಚಿಟ್ಟುಕೊಂಡಿದ್ದೆ. ಸಾಲದೆಂದು ಬಂದೂಕನ್ನು ಭುಜದಿಂದ ಎರಡು ಬೆರಳು ದೂರ ಹಿಡಿದೆ. ಮುಟ್ಟದಿದ್ದರೆ ನೋಯುವುದಿಲ್ಲ ಎಂಬುದು ನನ್ನ ಸ್ವಂತ ಭೌತಶಾಸ್ತ್ರ. ಟ್ರಿಗರ್ ಒತ್ತಿದ್ದೇ ತಡ, ಕುದುರೆ ಝಾಡಿಸಿದಂತಾಯಿತು. ಗುಂಡು ಹಲಗೆಯನ್ನು ಬಿಟ್ಟು ಹಿಂದಿನ ಮಣ್ಣಿನ ದಿಬ್ಬದಲ್ಲೆಲ್ಲೋ ಸೇರಿತು.

“ಟವೆಲ್ ತೆಗೀರಿ ಮೇಡಂ, ಬಂದೂಕು ಜಾರ್ತದೆ,” ಎಂದರು ಕಲಿಸುತ್ತಿದ್ದ ದಫೇದಾರರು. “ಭುಜದ ಗುಳಿಗೆ ಒತ್ಕೊಳ್ಳಿ. ಜಾಗ ಬುಟ್ರೆ ಗುದ್ತದೆ. ಒತ್ಕೊಂಡ್ರೆ ಬರೀ ತಳ್ತದೆ.”

ಒತ್ತಿಕೊಂಡೆ. ನೋವು ಕಡಿಮೆಯಾಯಿತು, ಹಲಗೆಗೆ ಮಾತ್ರ ಒಂದೂ ಬೀಳಲಿಲ್ಲ. ಬಂದೂಕೇ ಸರಿಯಿಲ್ಲ ಎಂದೆ. ದಫೇದಾರರು ವಾದ ಮಾಡಲಿಲ್ಲ. ಬಂದೂಕು ಈಸಿಕೊಂಡು, ಅತ್ತ ತಿರುಗಿ, ತಾವೇ ಬೋಲ್ಟ್ ಎಳೆದು ಕೊಟ್ಟರು. ಗುರಿ ಹಿಡಿದು ಟ್ರಿಗರ್ ಒತ್ತಿದೆ. ‘ಟಕ್’ ಎಂದಿತು, ಅಷ್ಟೇ. ಅಷ್ಟರಲ್ಲಿ ನಾನು ಕಣ್ಣು ಮುಚ್ಚಿ, “ಅಯ್ಯಮ್ಮಾ!” ಎಂದು ಕಿರುಚಿ, ಗೇಣುದ್ದ ಹಿಂದಕ್ಕೆ ಜಾರಿದ್ದೆ.

“ಒಳಗೆ ಗುಂಡೇ ಇಲ್ವಲ್ರೀ ಮೇಡಂ. ನಿಮ್ಮನ್ನ ಒದ್ದೋರ್ಯಾರು?”

ಸಾಲಿನಲ್ಲಿ ಮಲಗಿದ್ದವರೆಲ್ಲ ಹೊಟ್ಟೆ ಕುಲುಕಿಸಿ ನಕ್ಕರು. ಕ್ರಿಯೆಯಿಲ್ಲದ ಪ್ರತಿಕ್ರಿಯೆಯನ್ನು ಕಂಡುಹಿಡಿದ ಕೀರ್ತಿ ಅಂದು ನನ್ನದಾಯಿತು. ಗುರಿ ಕೆಡಿಸುತ್ತಿದ್ದದ್ದು ಬಂದೂಕಲ್ಲ, ಅದು ಒದೆಯುವ ಮೊದಲೇ ಒದೆಸಿಕೊಳ್ಳುತ್ತಿದ್ದ ನಾನು.

ಆಮೇಲೆ ಅವರು ಒಮ್ಮೆ ಗುಂಡಿಟ್ಟು, ಒಮ್ಮೆ ಇಡದೆ ಕೊಡತೊಡಗಿದರು. ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ತಿಳಿಯದೆ ನನ್ನ ಹೆದರಿಕೆಗೇ ಸುಸ್ತಾಯಿತು. ಕಣ್ಣು ಬಿಟ್ಟುಕೊಂಡು ನಿಧಾನವಾಗಿ ಒತ್ತುವುದು ಬರತೊಡಗಿತು.

ಕೊನೆಯ ದಿನ ಮೊದಲ ನಾಲ್ಕು ಗುಂಡು ಹಳೆಯ ಚಾಳಿಯಲ್ಲೇ ದಿಬ್ಬಕ್ಕೆ ಹೋದವು. ಇನ್ನೆರಡು ತಪ್ಪಿದರೆ ಅತ್ತೆಯ ಮಾತೇ ನಿಜ. ದಫೇದಾರರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, “ಇದ್ರಲ್ಲಿ ಗುಂಡಿಲ್ಲ ಅಂದ್ಕೊಳ್ಳಿ,” ಎಂದರು. ಹಾಗೇ ಅಂದುಕೊಂಡೆ. ಗುಂಡಿತ್ತು, ಹಲಗೆಗೇ ಬಿತ್ತು. ಉಳಿದ ಐದೂ ಬಿದ್ದವು. ನಡುವಿಗೆ ಒಂದೂ ಇಲ್ಲ. ಎಲ್ಲವೂ ಅಂಚಿನಲ್ಲಿ, ಬಸ್ಸಿನ ಫುಟ್‌ಬೋರ್ಡಿನಲ್ಲಿ ಜೋತುಬಿದ್ದವರ ಹಾಗೆ.

ಸಮಾರಂಭಕ್ಕೆ ಅತ್ತೆ ಇಸ್ತ್ರಿ ಸೀರೆ ಉಟ್ಟು ಬಂದಿದ್ದರು. ಅಧಿಕಾರಿಗಳು ಕೊಟ್ಟ ಸರ್ಟಿಫಿಕೇಟನ್ನು ತಂದು ಅವರ ಕೈಗಿಟ್ಟೆ. “ಹತ್ತರಲ್ಲಿ ಆರು, ಅತ್ತೆ,” ಎಂದೆ, ಅಕ್ಕಪಕ್ಕದವರಿಗೂ ಕೇಳಿಸುವಂತೆ.

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಅದರ ಮೇಲೆ ನಿಧಾನವಾಗಿ ಬೆರಳಾಡಿಸಿದರು.

“ಆರು ಸರಿ ಕಣವ್ವ. ಮಿಕ್ಕಿದ್ ನಾಕು ಯಾರ್ ಮನೆಗೋದೊ?”