ಹೆಸರಿಗೆ ಜಾಗ ಬಿಟ್ಟ ಸ್ವಾಗತಗೀತೆ

ಕರೆಂಟು ಹೋಗಬಹುದಿತ್ತು. ಮೈಕು ಕುಂಯ್ ಅಂದು ಕೈಕೊಡಬಹುದಿತ್ತು. ಅತಿಥಿಗಳ ಬಾಡಿಗೆ ಕಾರು ತಾಳಗುಂದದ ಹತ್ತಿರ ಪಂಕ್ಚರಾಗಿ, ಅವರು ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ಕೂತು ನಮ್ಮ ಕಾಲೇಜಿಗೆ ಶಾಪ ಹಾಕಬಹುದಿತ್ತು. ಹಿಂದಿನ ಬೆಂಚಿನ ಯಾರೋ ಎಸೆದ ಚಪ್ಪಲಿ ಗುರಿ ತಪ್ಪಿ ಪ್ರಿನ್ಸಿಪಾಲರ ಮಡಿಲಿಗೆ ಬೀಳಬಹುದಿತ್ತು. ಪೊಲೀಸರು ಬರಬಹುದಿತ್ತು, ಅವರು ಬಂದ ಸುದ್ದಿ ನಮ್ಮಪ್ಪನಿಗೆ ಮುಟ್ಟಿ, ನನ್ನ ಬಿ.ಎ. ಅಲ್ಲಿಗೇ ನಿಂತು, ಮದುವೆಗೆ ಗಂಡು ಗೊತ್ತಾಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಗೆಳತಿ ನಾನಿನ್ನು ಹಾಡುವುದಿಲ್ಲ ಅಂದುಬಿಡಬಹುದಿತ್ತು.

ನಾನೀಗ ಐವತ್ತರ ಹತ್ತಿರದವಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಬೀದಿಯ ಕೊನೆಯಿಂದ ವಾಪಸು ಬರುವ ಹೆಂಗಸು. ಈ ವಿದ್ಯೆಯನ್ನು ಕಲಿತದ್ದು ತೊಂಬತ್ತರ ದಶಕದ ನಡುವೆ, ಶಿಕಾರಿಪುರದ ಕಾಲೇಜಿನಲ್ಲಿ. ಕಾಲೇಜು ಕಲಿಸಿದ ಉಳಿದದ್ದೆಲ್ಲ ಮರೆತಿದೆ.

ಗೆಳತಿ ಸೊರಬದವಳು. ಅಲ್ಲಿನ ಬಸ್ ಸ್ಟ್ಯಾಂಡ್ ಹಿಂದೆ ಅವಳಪ್ಪನ ಗೋಣಿಚೀಲದ ಅಂಗಡಿ. ಮುಸ್ಲಿಂ ಮನೆತನ. ಓದಲು ಶಿಕಾರಿಪುರದ ಚಿಕ್ಕಮ್ಮನ ಮನೆಯಲ್ಲಿದ್ದಳು. ಕಾಲೇಜಿನ ಯಾವ ಕಾರ್ಯಕ್ರಮವಾದರೂ ಸ್ವಾಗತಗೀತೆ ಅವಳದೇ. ಹಾಡು ಒಂದೇ, ಧಾಟಿ ಒಂದೇ. ನಡುವೆ ಅತಿಥಿಯ ಹೆಸರಿಗೆ ಅಂತ ಜಾಗ ಬಿಟ್ಟಿತ್ತು. ತಹಶೀಲ್ದಾರರಿರಲಿ, ಉದ್ದ ಹೆಸರಿನ ಸ್ವಾಮಿಗಳಿರಲಿ, ಅಲ್ಲೊಂದು ಪುಟ್ಟ ಉಸಿರು ಎಳೆದುಕೊಂಡು ಆ ಸಂದಿನಲ್ಲಿ ಸಲೀಸಾಗಿ ಕೂರಿಸುತ್ತಿದ್ದಳು. ಹಿಂದೆ ದನಿಗೂಡಿಸುವವಳು ನಾನು. ನನ್ನನ್ನು ಯಾಕೆ ಇಟ್ಟುಕೊಂಡಿದ್ದಾಳೆ ಅಂತ ಒಬ್ಬರು ಕೇಳಿದ್ದಕ್ಕೆ, "ಇವಳು ಪಕ್ಕದಲ್ಲಿದ್ರೆ ನನ್ನ ಪಾಲಿನ ಹೆದರಿಕೆನೂ ಇವಳೇ ಹೆದರ್ತಾಳೆ, ನಂಗೆ ಆರಾಮು" ಅಂದಿದ್ದಳು.

ಆ ವರ್ಷ ವಿದ್ಯಾರ್ಥಿ ಸಂಘದ ಉದ್ಘಾಟನೆಗೆ ಗೊತ್ತಾದ ಭಾಷಣಕಾರರ ಖ್ಯಾತಿ ಅವರಿಗಿಂತ ಮೊದಲೇ ಊರಿಗೆ ಬಂದಿತ್ತು. ಜರ್ಮನಿಯ ಸರ್ವಾಧಿಕಾರಿಯನ್ನು ಹೊಗಳುವವರು; ಯಹೂದಿಗಳಿಗೆ ಆದದ್ದು ಆಗಬೇಕಾದದ್ದೇ ಅನ್ನುವವರು. ಕರೆಸುವ ಖರ್ಚು ಸಂಘದ ಶುಲ್ಕದಿಂದ, ಅಂದರೆ ಅಡ್ಮಿಷನ್ ದಿನ ನಾವೆಲ್ಲ ಕಟ್ಟಿದ ದುಡ್ಡಿನಿಂದ. ಸಂಘದ ತಯಾರಿ ಸಭೆಯಲ್ಲಿ ಕ್ಲಾಸಿನ ಪ್ರತಿನಿಧಿ ಅಂತ ನಾನೂ ಇದ್ದೆ. ನನ್ನ ಕೆಲಸ ಬಿಸ್ಕತ್ತಿನ ತಟ್ಟೆ ಮುಂದೆ ಸರಿಸುವುದು.

ಚರಿತ್ರೆ ಮೇಷ್ಟ್ರು ಒಬ್ಬರೇ ತಕರಾರು ತೆಗೆದರು. "ಎಲ್ಲ ಮಕ್ಕಳ ದುಡ್ಡು ಇದು. ಸತ್ತೋರನ್ನ ಬೈಯಿಸೋಕೆ ಕೊಟ್ಟಿದ್ದಲ್ಲ."

ಸಂಘದ ಕಾರ್ಯದರ್ಶಿ, ಅಂತಿಮ ವರ್ಷದ ಹುಡುಗ, ಎದ್ದು ನಿಂತ. "ಸಾರ್, ನಿಮಗೊಬ್ರು ಬ್ಯಾಡ, ಇನ್ನೊಬ್ರಿಗೆ ಇನ್ನೊಬ್ರು ಬ್ಯಾಡ. ಹಿಂಗೇ ಬಿಡ್ತಾ ಹೋದ್ರೆ ಕೊನೆಗೆ ಕಂಬಕ್ಕೇ ಹಾರ ಹಾಕ್ಬೇಕಾಕೈತೆ."

ಮಾತಿನಲ್ಲಿ ನ್ಯಾಯ ಇಲ್ಲದಿರಲಿಲ್ಲ. ಮೇಷ್ಟ್ರೂ ತಲೆಯಾಡಿಸಿದರು. "ಕರೀರಪ್ಪ. ಆದರೆ ಅವರು ಮಾತಾಡಿದ ಮೇಲೆ ಹುಡುಗರು ಪ್ರಶ್ನೆ ಕೇಳ್ಲಿ."

ಪ್ರಿನ್ಸಿಪಾಲರು ಗಾಬರಿಯಾದರು. "ಕರೆಸಿದೋರನ್ನ ಪ್ರಶ್ನೆ ಕೇಳೋದಾ? ನಮ್ಮ ಕಡೆ ಭಾಷಣ ಆದ್ಮೇಲೆ ವಂದನಾರ್ಪಣೆ ಕಣ್ರೀ. ಅಷ್ಟಕ್ಕೂ ನಮ್ಮೂರಲ್ಲಿ ಯಹೂದಿಗಳು ಯಾರಿದ್ದಾರೆ ನೊಂದ್ಕೊಳ್ಳೋಕೆ?"

ಎಲ್ಲರೂ ನಕ್ಕರು. ಬಿಸ್ಕತ್ತಿನ ತಟ್ಟೆ ಮೇಷ್ಟ್ರ ಮುಂದೆ ಹಾಗೇ ಉಳಿಯಿತು.

ಸಂಜೆ ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಇದನ್ನೆಲ್ಲ ಗೆಳತಿಗೆ ಒಪ್ಪಿಸಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

"ಇಲ್ಲದೋರ ಮೇಲೇ ಇಷ್ಟು ಸಿಟ್ಟು ಇದ್ರೆ, ಇರೋರ ಗತಿ ಏನೇ?" ಅಂದಳು.

"ನೀನು ಹಾಡ್ಬ್ಯಾಡ ಬಿಡು. ಜ್ವರ ಅಂತ ನಾನೇ ಹೇಳ್ತೀನಿ."

"ಆಮೇಲೆ ನೀನೊಬ್ಳೇ ಹಾಡ್ತೀಯಾ? ಆ ಮನುಷ್ಯನಿಗೆ ಅಷ್ಟು ದೊಡ್ಡ ಶಿಕ್ಷೆ ಬೇಡ ಕಣೇ."

ಹಾಡಿದಳು. ಕರೆಂಟು ಇತ್ತು, ಮೈಕು ಸರಿಯಿತ್ತು, ಕಾರು ಹೇಳಿದ ಹೊತ್ತಿಗೆ ಬಂತು. ಅವರ ಹೆಸರು ಬರುವ ಜಾಗದಲ್ಲಿ ಎಂದಿನಂತೆ ಉಸಿರು ತಗೊಂಡು, ಹೂವಿನಷ್ಟು ಹಗುರಾಗಿ ಅದನ್ನು ಇಟ್ಟಳು. ಅತಿಥಿಗಳು ಕಣ್ಣು ಮುಚ್ಚಿ ಕೇಳಿ, "ಎಂಥ ಕಂಠ!" ಅಂತ ಮೈಕಿನಲ್ಲೇ ಮೆಚ್ಚಿದರು. ಆಮೇಲೆ ಭಾಷಣ. ಒಳ್ಳೆಯ ಮಾತುಗಾರರೇ. ನಗಿಸಿ, ನಗಿಸಿ, ಆ ನಗುವಿನ ನಡುವೆಯೇ ಅಂದರು: ಯಹೂದಿಗಳು ಯಾವ ದೇಶಕ್ಕೆ ಹೋದರೂ ಗೆದ್ದಲು, ಗೆದ್ದಲಿಗೆ ಔಷಧಿ ಹೊಡೆದವನನ್ನು ತಪ್ಪಿತಸ್ಥ ಅನ್ನಲಾಗದು. ಪ್ರತಿ ದೇಶಕ್ಕೂ ಅದರದರ ಗೆದ್ದಲಿದೆ, ನಮಗೂ ಇದೆ, ಹೊಡೆಯುವವನು ಮಾತ್ರ ಇನ್ನೂ ಹುಟ್ಟಿಲ್ಲ. ಚಪ್ಪಾಳೆ ಬಿತ್ತು. ಅರ್ಥವಾಗಿ ಹೊಡೆದವರೆಷ್ಟೋ, ಊಟದ ಹೊತ್ತಾಯಿತೆಂದು ಹೊಡೆದವರೆಷ್ಟೋ. ವೇದಿಕೆಯ ಪಕ್ಕದ ಬೆಂಚಿನಲ್ಲಿ ಅವಳು ಅತಿಥಿಯ ಹಾರವನ್ನೇ ದಿಟ್ಟಿಸುತ್ತಿದ್ದಳು. ಪ್ರಶ್ನೆ ಯಾರೂ ಕೇಳಲಿಲ್ಲ. ವಂದನಾರ್ಪಣೆ ಆಯಿತು.

"ಏನೇ ಅಷ್ಟು ನೋಡ್ತಿದ್ದೆ?" ಅಂದೆ, ಹೊರಗೆ ಬಂದ ಮೇಲೆ.

"ನನ್ನ ಶುಲ್ಕದಲ್ಲಿ ಆ ಹಾರಕ್ಕೆ ಒಂದು ಹೂವಾದ್ರೂ ಬಂದಿರ್ಬೇಕಲ್ಲ. ಯಾವುದು ಅಂತ ಹುಡುಕ್ತಿದ್ದೆ."

ನಕ್ಕಳು. ನಾನೂ ನಕ್ಕೆ. ಅವಳು ನಕ್ಕಳಲ್ಲ ಅಂತ ಆ ದಿನ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಜೀವಮಾನದಲ್ಲಿ ನಾನು ಚಿಂತೆ ಬಿಟ್ಟು ಮಲಗಿದ ಕೆಲವೇ ದಿನಗಳಲ್ಲಿ ಅದೊಂದು.

ಮುಂದಿನ ಕಾರ್ಯಕ್ರಮಕ್ಕೆ ಕರೆದಾಗ "ಗಂಟಲು ಕಟ್ಟಿದೆ" ಅಂದಳು. ಅದರ ಮುಂದಿನದಕ್ಕೂ ಅದೇ. ನಾನು ನಂಬಿದೆ. ಚಿಂತೆ ಮಾಡುವವರಿಗೆ ಕಾಯಿಲೆಯೊಂದನ್ನು ಹೇಳಿದರೆ ಸಾಕು, ಬೇರೆ ಸಾಕ್ಷಿ ಬೇಡ. ಗ್ರಂಧಿಗೆ ಅಂಗಡಿಯಿಂದ ಅತಿಮಧುರದ ಬೇರು ತಂದುಕೊಟ್ಟೆ. ಬೇಡ ಅನ್ನದೆ ಎದುರಿಗೇ ಅಗಿದಳು. ಹರಟುತ್ತಿದ್ದಳು, ಜಗಳಾಡುತ್ತಿದ್ದಳು, ಹೊರಟ ಬಸ್ಸನ್ನು ಒಂದೇ ಕೂಗಿಗೆ ನಿಲ್ಲಿಸುತ್ತಿದ್ದಳು. ಹಾಡಲು ಮಾತ್ರ ಗಂಟಲಿರಲಿಲ್ಲ. ಕಾಲೇಜಿನವರು ಟೇಪ್ ರೆಕಾರ್ಡರ್ ತಂದರು. ಅತಿಥಿಯ ಹೆಸರಿಗೆ ಅದರಲ್ಲಿ ಜಾಗವಿರಲಿಲ್ಲ. ಯಾರಿಗೂ ಅದು ಕೊರತೆ ಅನ್ನಿಸಲಿಲ್ಲ.

ನನಗೆ ಅನ್ನಿಸಿತು. ಈಗಲೂ ಯಾವ ಸಭೆಯಲ್ಲಿ ಕೂತರೂ ಸ್ವಾಗತಗೀತೆಯ ನಡುವೆ ಆ ಪುಟ್ಟ ಉಸಿರಿಗಾಗಿ ಕಿವಿ ಕಾಯುತ್ತದೆ. ಅಷ್ಟರಲ್ಲಿ ಪಲ್ಲವಿ ಬಂದುಬಿಟ್ಟಿರುತ್ತದೆ.

ಕೊನೆಯ ಪರೀಕ್ಷೆ ಮುಗಿದ ಮೇಲೆ ಒಂದು ಮಧ್ಯಾಹ್ನ, ಹೇಳದೆ ಕೇಳದೆ ಸೊರಬದ ಬಸ್ ಹತ್ತಿದೆ. ಗೋಣಿ ಅಂಗಡಿಯಲ್ಲಿ ದಾರಿ ಕೇಳಿ ಮನೆ ಮುಟ್ಟಿದರೆ, ಒಳಗಿನಿಂದ ಹಾಡು. ಮದುವೆಯ ಪದವಿರಬೇಕು, ಉರ್ದುವಿನದು, ಮಾತು ತಿಳಿಯಲಿಲ್ಲ. ಮೊರದಲ್ಲಿ ಅಕ್ಕಿ ಕೇರುವ ಸದ್ದಿಗೆ ಸರಿಯಾಗಿ ದನಿ ಏರುತ್ತಿತ್ತು, ಇಳಿಯುತ್ತಿತ್ತು. ತುಂಬಿದ ದನಿ. ಒಂದು ಕಡೆಯೂ ಒಡೆದಿರಲಿಲ್ಲ. ಬಿಸಿಲಿನಲ್ಲಿ ಗೋಡೆಗೆ ಒರಗಿ, ಹಾಡು ಮುಗಿಯುವವರೆಗೆ ನಿಂತೆ. ಆಮೇಲೆ ಚಿಲಕ ಬಡಿದೆ.

ಬಾಗಿಲು ತೆರೆದವಳ ಮುಖ ಅರಳಿತು. "ಅಯ್ಯೋ, ನೀನಾ! ಬಾರೇ ಒಳಗೆ."

"ಗಂಟಲು ಹೆಂಗೈತೆ?" ಅಂದೆ.

ನನ್ನ ಭುಜಕ್ಕೆ ಹತ್ತಿದ್ದ ಗೋಡೆಯ ಸುಣ್ಣವನ್ನು ಕೈಯಿಂದ ಕೊಡವಿದಳು.

"ಹಾಗೇ ಇದೆ ಕಣೇ" ಅಂದಳು.