ತವರಿನ ಹೊಲಕ್ಕೆ ನಾನು ಯಾರೋ ಆದದ್ದು

ನಮ್ಮ ಕಡೆ ಮದುವೆಯಾದ ಹೆಣ್ಣಿಗೆ ಗಂಡನ ಮನೆಯವರು ಹೊಸ ಹೆಸರಿಡುತ್ತಾರೆ. ಹಳೆಯದನ್ನು ತವರಲ್ಲೇ ಬಿಟ್ಟು ಬರಬೇಕು. ನಾನೂ ಬಿಟ್ಟು ಹೊಸಪೇಟೆಗೆ ಬಂದೆ. ಆದರೆ ಅಪ್ಪ ಅರಿಷಿಣ-ಕುಂಕುಮಕ್ಕೆಂದು ಕಂಪ್ಲಿ ಹತ್ತಿರ ಕಾಲುವೆ ಕೆಳಗೆ ಒಂದು ತುಂಡು ಗದ್ದೆ ಕೊಟ್ಟಿದ್ದು ಹಳೆ ಹೆಸರಿಗೆ. ಪಹಣಿಯಲ್ಲಿ ಅದೇ ಕೂತಿದೆ. ಆಧಾರಿನಲ್ಲಿ ಹೊಸದು.

ಆ ಗದ್ದೆಯನ್ನು ಮಗನ ಮಗಳ ಹೆಸರಿಗೆ ಮಾಡಲು ಹೋದರೆ, ನನ್ನ ಕಂಕುಳಲ್ಲೇ ಬೆಳೆದ ಅಣ್ಣನ ಮಗ ತಕರಾರು ಅರ್ಜಿ ಹಾಕಿದ್ದ. ಪಹಣಿಯಲ್ಲಿರುವ ಹೆಂಗಸು ಯಾರೋ ಗೊತ್ತಿಲ್ಲವಂತೆ. ಇವನ ಸಿಂಬಳ ಒರೆಸಿದ ಸೆರಗು ಯಾರದಂತೆ?

ತಾಲೂಕು ಕಚೇರಿಯಲ್ಲಿ ಸಾಹೇಬರು ಇನ್ನೊಂದು ಹೇಳಿದರು. ಹೊಲದ ದಾಖಲೆ, ಕೊಟ್ಟ ಅರ್ಜಿ ಎಲ್ಲಾ ಇನ್ನು ಬ್ಲಾಕ್‌ಚೈನಿಗೆ ಹೋಗುತ್ತವೆ, ಹೋದ ಮೇಲೆ ಯಾರೂ ಗುಟ್ಟಾಗಿ ತಿದ್ದುವಂತಿಲ್ಲ.

ನನಗೆ ನೆತ್ತಿ ಉರಿಯಿತು. "ತಪ್ಪೇ ಒಳಗ ಹೋದ್ರ? ನಾನು ಇಲ್ಲ ಅನ್ನೋದಕ್ಕ ಗಟ್ಟಿ ಬೀಗ ಜಡೀತೀರೇನ್ರಿ?"

ಜೊತೆಗೆ ಬಂದಿದ್ದ ಮೊಮ್ಮಗಳು ನನ್ನ ಕೈ ಹಿಡಿದಳು.

"ಅಜ್ಜಿ, ಅದು ಹೂ ಕಟ್ಟಿದಂಗ. ಒಂದು ಗಂಟಿಗೆ ಇನ್ನೊಂದು ಗಂಟು. ನಡುವಿನ ಹೂ ಕಿತ್ರ ಎಲ್ಲರಿಗೂ ಗೊತ್ತಾಗತೈತಿ. ತಪ್ಪಿದ್ರ ಮುಂದಿನ ಗಂಟಿನ್ಯಾಗ ಸರಿ ಬರೀಬೇಕು, ಹಳೇದೂ ಕಾಣ್ತಿರತೈತಿ." ಆಮೇಲೆ ಸಾಹೇಬರ ಕಡೆ ತಿರುಗಿದಳು. "ಸರ್, ಅಜ್ಜಿ ಯಾರಂತ ಇಲ್ಲಿ ಕುಂತು ಕೇಳಬ್ಯಾಡ್ರಿ. ಅಜ್ಜಿ ತವರೂರಿಗೆ ಬಂದು ಕೇಳ್ರಿ."

ಪಟ್ಟು ಹಿಡಿದು ಸಾಹೇಬರನ್ನು ಕರೆದುಕೊಂಡೇ ಬಂದಳು. ನಾನು ಬಸ್ಸಿಳಿದು ಕಟ್ಟೆ ಮುಟ್ಟುವಷ್ಟರಲ್ಲಿ ಹೆಂಗಸರು ಸುತ್ತಿಕೊಂಡರು, ಎಲ್ಲರ ಬಾಯಲ್ಲೂ ಅದೇ ಹಳೆ ಹೆಸರು. "ಲೇ, ಈಗ ದಾರಿ ನೆನಪಾತೇನು?" ಎಂದು ಒಬ್ಬಳು ಬೆನ್ನಿಗೆ ಗುದ್ದಿದಳು. ಗಂಡನ ಮನೆ ಹೆಸರು ಏನೆಂದು ಸಾಹೇಬರು ಕೇಳಿದರೆ ಒಬ್ಬಳಿಗೂ ಗೊತ್ತಿಲ್ಲ. "ನಮಗ್ಯಾಕ್ರಿ ಅದು? ನಮ್ಮ ಹುಡುಗಿ ಇಕಿ." ಎಪ್ಪತ್ತು ದಾಟಿದ ಹುಡುಗಿ ನಾನು.

ಅಲ್ಲೇ ಪಂಚನಾಮೆ ಬರೆದರು. ಎರಡೂ ಹೆಸರು ಒಬ್ಬಳದೇ ಎಂದು ಹೆಂಗಸರು ಹೆಬ್ಬೆಟ್ಟು ಒತ್ತಿದರು. ಅಣ್ಣನ ಮಗ ಮೆಲ್ಲಗೆ ಬಂದ. "ಅತ್ತಿ, ಅರ್ಜಿ ವಾಪಸ್ ತಗೊಂತೀನಿ."

ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಅಂದಳು, "ತಗೋ ಮಾಮಾ. ಆದ್ರ ಕೊಟ್ಟಿದ್ದೂ ತಗೊಂಡಿದ್ದೂ ಎರಡೂ ಆ ಬ್ಲಾಕ್‌ಚೈನ್‌ದಾಗ ಉಳಿತಾವ."

ಅವನ ಮುಖ ಬಾಡಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಆದರೆ ಹೊಸಪೇಟೆಯವರೆಗೂ ಬಸ್ಸಿನಲ್ಲಿ ಸಿಕ್ಕಸಿಕ್ಕವರಿಗೆ 'ಇಕಿ ನನ್ನ ಮೊಮ್ಮಗಳ್ರಿ' ಎನ್ನುತ್ತಲೇ ಬಂದೆ. ಅವಳಿಗೆ ನಾಚಿಕೆ, ನನಗೆ ಹಬ್ಬ. ಸೋದರತ್ತೆಯನ್ನು ಯಾರೋ ಅಂದನಲ್ಲ, ಉಳಿಯಲಿ. ಅವನ ಮೊಮ್ಮಕ್ಕಳೂ ಓದಲಿ.